ತಿರುಗಲೇಬೇಕಿದ್ದ ಪಂಖ

ಇವತ್ತು ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುವಾಗ ಆ ವಾಸನೆಗೆ ರಾಯದುರ್ಗದ ನಮ್ಮ ಹಳೆಯ ಮನೆ ನೆನಪಾಯಿತು. ನಾನು ಚಿಕ್ಕವಳಿದ್ದಾಗ ಅವ್ವ ಅಲ್ಲಿ ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದಳು. ಅವಳ ತಮ್ಮ, ನನ್ನ ಮಾವ, ಬಳ್ಳಾರಿಯಿಂದ ನನಗೆ ಜೋಡಿಸುವ ವಿಮಾನದ ಡಬ್ಬಿ ತಂದಿದ್ದ. ಅಕ್ಕಿಕಾಳಿನಂಥ ಭಾಗಗಳು ಹಾರಬಾರದೆಂದು ಫ್ಯಾನ್ ಬಂದ್ ಮಾಡಿ, ಎಲ್ಲರೂ ಬೆವರುತ್ತ ಕೂತಿದ್ದೆವು. ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಿಷನ್ನಿಗೆ ದಾರ ಪೋಣಿಸುವ ಅವ್ವನ ಚಿಮಟದಿಂದ ಒಂದೊಂದನ್ನೇ ಹಿಡಿದು ಅಂಟಿಸಿದೆ. ಕೊನೆಗೆ ವಿಮಾನದ ಮೂತಿಯ ಪಂಖ ಉಳಿಯಿತು.

“ಅಂಟು ಒಳಗ ಹೋದ್ರ ಅದು ತಿರುಗಂಗಿಲ್ಲ. ಗ್ವಾಡಿಗೆ ನೇತು ಹಾಕೂದಷ್ಟ,” ಎಂದು ಮಾವ ಕಾಡಿಸಿದ.

“ನೀ ಸುಮ್ನ ಕುಂದ್ರಪ್ಪ. ಅಕಿ ಕೈ ನಡುಗಿಸಬ್ಯಾಡ,” ಎಂದಳು ಅವ್ವ.

ಎಣ್ಣೆ ಮೆತ್ತಿದ ಪ್ಯಾಂಟಿಗೆ ಸೈಜಿನ ಸ್ಟಿಕ್ಕರ್ ಅಂಟುವುದಿಲ್ಲವೆಂದು ಅವ್ವ ಗೊಣಗುವುದನ್ನು ಕೇಳಿದ್ದೆ. ಪಂಖದ ಕಡ್ಡಿಗೆ ಸೂಜಿಯ ತುದಿಯಿಂದ ಮಿಷನ್ ಎಣ್ಣೆ ಸವರಿ, ಪಂಖ ಸಿಕ್ಕಿಸಿ, ಆಮೇಲೆ ಅದು ಕಳಚದಂತೆ ತುದಿಯ ಮುಚ್ಚಳ ಅಂಟಿಸಿದೆ. ಒಣಗಿದ ಮೇಲೆ ಊದಿದರೆ ಗಿರ್ರನೆ ತಿರುಗಿತು.

“ಅಕ್ಕಾ, ನಿನ್ನ ಮಗಳು ಗಟ್ಟಿ ಅದಾಳ,” ಎನ್ನುತ್ತ ಮಾವ ಫ್ಯಾನ್ ಹಾಕಲು ಎದ್ದ.

ಈಗಲೂ ಯಾರೇ ಬಂದರೂ ಅವ್ವ ಆ ವಿಮಾನ ತೋರಿಸಿ, “ನಮ್ಮ ಹುಡುಗಿ ಮಾಡ್ಯಾಳ್ರಿ” ಅನ್ನುತ್ತಾಳೆ. ನಾನು ನಾಚಿ ಅಡುಗೆಮನೆಗೆ ಹೋಗುತ್ತೇನೆ. ಆದರೆ ಬಾಗಿಲ ಹಿಂದೆ ನಿಂತು ಪೂರ್ತಿ ಕೇಳಿಸಿಕೊಳ್ಳುತ್ತೇನೆ.