ಬೆಳಗಬಾರದಿದ್ದ ಸ್ಲೈಡು

ಮೈಕ್ರೋಸ್ಕೋಪಿನ ಮುಂದೆ ಕೂರುವ ಮೊದಲು ನಮ್ಮ ಮೇಡಂ ಕನ್ನಡಕ ತೆಗೆದು, ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡು, ಆ ಕತ್ತಲ ಕೋಣೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಬೇಕಲ್ಲ. ಆಗ ಯಾರಾದರೂ ಮೊಬೈಲ್ ತೆಗೆದರೆ ಮುಗಿಯಿತು ಕಥೆ. ಧಾರವಾಡದ ಕನ್ನಡದಲ್ಲಿ ಚೆನ್ನಾಗಿ ಬೈದು, ಅಭ್ಯಾಸಬಲದಿಂದ ಕೊನೆಗೆ ತೆಲುಗಿನವರು ಮರ್ಯಾದೆಗೆ ಹಚ್ಚುವ ಒಂದು ‘ಅಂಡಿ’ ಸೇರಿಸುತ್ತಿದ್ದರು.

ನೌಕಾಪಡೆಯ ಗಂಡನ ಜೊತೆ ಹಾಸನದಿಂದ ವಿಶಾಖಪಟ್ಟಣಕ್ಕೆ ಬಂದು ನಾನು ಅಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕಿರಿಯ ವೈದ್ಯೆಯಾಗಿ ಸೇರಿದಾಗ ಅವರೇ ಮುಖ್ಯಸ್ಥೆ. ಕೀಲುನೋವು, ಬಿಡದ ಜ್ವರ ಎಂದು ಬಂದವರ ರಕ್ತದ ಸೀರಮ್ಮನ್ನು ಜೀವಕೋಶಗಳಿರುವ ಸ್ಲೈಡಿಗೆ ಹಾಕಿ, ಹೊಳೆಯುವ ಬಣ್ಣ ಸೇರಿಸಿ, ತೊಳೆದು ನೋಡುವುದು ನಮ್ಮ ಕೆಲಸ. ತನ್ನ ಮೈಯನ್ನೇ ಶತ್ರುವೆಂದುಕೊಂಡ ರಕ್ತವಾದರೆ ಕೋಶಗಳು ಹಸಿರಾಗಿ ಹೊಳೆಯುತ್ತವೆ, ಇಲ್ಲದಿದ್ದರೆ ಕತ್ತಲೆ. ಹೋಲಿಸಿ ನೋಡಲು ಪ್ರತಿ ಸಲವೂ ಆರೋಗ್ಯವಂತರ ರಕ್ತವೊಂದು ಬೇಕು. ಕಿಟ್ಟಿನ ಜೊತೆ ಬರುವುದು ಸಾಲದೆಂದು ಅವರು ತಮ್ಮದನ್ನೂ ಇಡುತ್ತಿದ್ದರು. “ನನ್ನಷ್ಟು ಕತ್ತಲಿ ಈ ಊರಾಗ ಯಾರೂ ಇಲ್ಲ” ಎಂಬ ಬಡಾಯಿ ಬೇರೆ.

ಒಂದು ಬೆಳಿಗ್ಗೆ, ಹೊಸದಾಗಿ ತೆಗೆದ ಅವರ ರಕ್ತ ಹೊಳೆಯಿತು. ಪ್ರತಿ ಕೋಶದೊಳಗೂ ಸಾಸಿವೆ ಚೆಲ್ಲಿದಂತೆ ಹಸಿರು ಚುಕ್ಕಿಗಳು. ಚರ್ಮವನ್ನು ಬಿಗಿಸಿ, ಕೊನೆಗೆ ಉಸಿರಿಗೂ ಕೈಹಾಕಬಲ್ಲ ಕಾಯಿಲೆಯ ಗುರುತು ಅದು.

“ನಾನೇ ಸರಿಯಾಗಿ ತೊಳೆದಿಲ್ಲ ಮೇಡಂ, ಇನ್ನೊಂದ್ಸಲ ಮಾಡ್ತೀನಿ” ಎಂದೆ. ತಪ್ಪು ನನ್ನದೇ ಆಗಿರಲಿ ಎಂದು ದೇವರನ್ನು ಬೇಡಿಕೊಂಡೆ. ಮತ್ತೆ ಮಾಡಿದರೂ ಅವೇ ಚುಕ್ಕಿಗಳು.

ಅವರು ಬಹಳ ಹೊತ್ತು ನೋಡಿದರು. “ಬರೋಬ್ಬರಿ ತೊಳದಿ, ತಂಗಿ. ರಿಪೋರ್ಟ್ ಬರಿ. ನನ್ನ ರಿಪೋರ್ಟಿಗೆ ನಾನ ಸಹಿ ಹಾಕೂದು ಸರಿ ಅಲ್ಲ, ನೀ ಹಾಕು.”

“ಅನುಮಾನ ಇದೆ ಅಂತ ಬರೀಲಾ ಮೇಡಂ?”

“ಬ್ಯಾರೇದವರ ಸ್ಲೈಡಾಗಿದ್ರ ಹಂಗ ಬರೀತಿದ್ದೇನು?”

ಅಳುತ್ತಲೇ ಸಹಿ ಹಾಕಿದೆ. ಅವರು ಆಗಲೇ ಉಳಿದ ರೋಗಿಗಳ ಸ್ಲೈಡು ನೋಡಲು ಕೂತಿದ್ದರು. ಅಂಥ ಎದೆಗಾರಿಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬೇಗ ಗೊತ್ತಾದದ್ದರಿಂದ ಔಷಧಿ ಹಿಡಿಯಿತು, ಕೆಲವು ವರ್ಷ ಕೆಲಸವನ್ನೂ ಮಾಡಿದರು. ಆಮೇಲೆ ವಿಜಯವಾಡಕ್ಕೆ, ಭವಾನಿಪುರಂನ ಮಗಳ ಮನೆಗೆ ಹೋದರು. ಹೋದ ವರ್ಷ ಅಲ್ಲಿಯೇ ತೀರಿಕೊಂಡರು.

ಅದಕ್ಕೆ ಕೆಲವು ದಿನ ಮೊದಲು ನೋಡಲು ಹೋಗಿದ್ದೆ. ಎರಡು ಮಾತಿಗೇ ಏದುಸಿರು. ಆದರೂ ಮಗಳನ್ನು ಕರೆದು, ನನ್ನ ಕೈ ಹಿಡಿದುಕೊಂಡು, “ನನ್ನ ಜಡ್ಡು ಕಂಡು ಹಿಡದಾಕಿ ಇಕಿನ ನೋಡು” ಎಂದರು. ಆ ಮಗಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವರು ಮಾತ್ರ, ತಾವು ಕಲಿಸಿದ ಹುಡುಗಿ ಪರೀಕ್ಷೆಯಲ್ಲಿ ಮೊದಲು ಬಂದಳೇನೋ ಎಂಬಂತೆ ನಗುತ್ತಿದ್ದರು.