ಫೈಬರ್ ದೋಣಿಗೆ ಗಾಳಿಕಿಂಡಿ

ಮಳೆಗಾಲ ಶುರುವಾಗಿ ಕಾಪುವಿನ ದೋಣಿಗಳೆಲ್ಲ ದಡ ಸೇರಿದ್ದವು. ನಮ್ಮ ಫೈಬರ್ ದೋಣಿಯೂ ಮನೆಯ ಹಿಂದೆ ತೆಂಗಿನ ಮರಗಳ ನಡುವೆ ನೀಲಿ ಟಾರ್ಪಾಲು ಹೊದ್ದು ಕೂತಿತ್ತು. ಅದರ ಮೂತಿಯ ಕಡೆ ಒಂದು ಮುಚ್ಚಿದ ಗೂಡು ಉಂಟು. ಹಗ್ಗ, ಪೆಟ್ರೋಲ್ ಕ್ಯಾನು, ಮಳೆಕೋಟು ಎಲ್ಲ ಇಡುವುದು ಅದರಲ್ಲೇ. ಒಬ್ಬ ಮನುಷ್ಯ ಮೈ ಹಿಂಡಿಕೊಂಡು ತೂರುವಷ್ಟು ಸಣ್ಣ ಬಾಗಿಲು ಬಿಟ್ಟರೆ ಆ ಗೂಡಿಗೆ ಬೇರೆ ಕಿಂಡಿಯಿಲ್ಲ. ಒಳಗೆ ತಳದಲ್ಲಿ ಬಿರುಕು ಬಿಟ್ಟಿದೆ, ಗಾಜಿನ ನಾರಿನ ಮ್ಯಾಟ್ ಇಟ್ಟು ರೆಸಿನ್ ಅಂಟು ಹಚ್ಚುತ್ತೇನೆ ಎಂದು ನನ್ನ ಗಂಡ ಆ ಬೆಳಿಗ್ಗೆ ಒಳಗೆ ಹೊಕ್ಕಿದ್ದರು.

ಚಹಾ ತೆಗೆದುಕೊಂಡು ಹೋದವಳು ಹೊರಗಿನಿಂದಲೇ ಕರೆದೆ. ಉತ್ತರವಿಲ್ಲ. ಟಾರ್ಪಾಲು ಎತ್ತಿ ನೋಡಿದರೆ ಗೂಡಿನ ಬಾಗಿಲಿಂದ ಅವರ ಎರಡು ಪಾದಗಳು ಹೊರಗೆ ಚಾಚಿಕೊಂಡಿದ್ದವು. ರೆಸಿನ್ನಿನ ಘಾಟು ಮೂಗಿಗೆ ಹೊಡೆಯಿತು. "ಚಹಾ ಆರುತ್ತದೆ, ಬನ್ನಿ" ಎಂದೆ ಮತ್ತೊಮ್ಮೆ. ಪಾದ ಅಲುಗಲಿಲ್ಲ. ಲೋಟ ಎಲ್ಲಿ ಬಿತ್ತೋ ಗೊತ್ತಿಲ್ಲ. ದೋಣಿಗೆ ಹತ್ತಿ ಕಾಲು ಹಿಡಿದು ಎಳೆದೆ. ನನ್ನ ಕೂಗಿಗೆ ಪಕ್ಕದ ಮನೆಯ ಅಕ್ಕ ಓಡಿ ಬಂದರು. ಇಬ್ಬರೂ ಸೇರಿ ಎಳೆದು ಹೊರಗೆ ತಂದಾಗ ಅವರ ಮುಖ ಬೂದಿಯ ಹಾಗಿತ್ತು. ಮಳೆ ನೀರು ಮುಖಕ್ಕೆ ಬಿದ್ದು ಸ್ವಲ್ಪ ಹೊತ್ತಾದ ಮೇಲೆ ಕೆಮ್ಮಿದರು.

ಮಣಿಪಾಲದ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ಮಲಗಿಸಿದರು. "ಒಳಗೆ ಗಾಳಿ ಓಡಾಡಲು ದಾರಿ ಇರಲಿಲ್ವಾ?" ಎಂದು ಡಾಕ್ಟರಮ್ಮ ಕೇಳಿದರು.

"ಕಡಲ ಬದಿಯವರಿಗೆ ಗಾಳಿಗೆ ಎಂತ ಕೊರತೆ ಡಾಕ್ಟ್ರೇ?" ಎಂದು ಇವರು ನಕ್ಕರು. ಡಾಕ್ಟರಮ್ಮ ನಗಲಿಲ್ಲ. ನಾನೂ ನಗಲಿಲ್ಲ.

ಮರುದಿನ ಮನೆಗೆ ಬಂದರು, ಊಟ ಮಾಡಿದರು, ಬಲೆ ಹೆಣೆಯಲು ಕೂತರು. ಅವರ ಮಟ್ಟಿಗೆ ಅದು ಮುಗಿದ ಸಂಗತಿ. ನನಗೆ ಮಾತ್ರ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಕಟಪಾಡಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಮಣಿಪಾಲದಲ್ಲಿ ಕಲಿಯುವ ಮಕ್ಕಳ ಬಿಳಿ ಕೋಟು ಹೊಲಿಯುವುದು ನನ್ನ ಮುಖ್ಯ ಕೆಲಸ. ಆ ವಾರ ಒಂದು ಕೋಟಿಗೆ ಎರಡೂ ಎಡಗೈ ತೋಳನ್ನೇ ಜೋಡಿಸಿದೆ. ಬಿಚ್ಚಿದೆ, ಮತ್ತೆ ಹೊಲಿದೆ, ನಡುವೆ ಎದ್ದು ಮನೆಗೆ ಫೋನು ಮಾಡಿದೆ. "ಎಲ್ಲಿದ್ದೀರಿ?" ಎಂದರೆ "ಮನೆಯಲ್ಲೇ ಮಾರಾಯ್ತಿ, ಈಗಷ್ಟೇ ಕೇಳಿದೆಯಲ್ಲ" ಎನ್ನುವರು. ಮನೆಯಲ್ಲೇ ಎಂದರೆ ಮನೆಯೊಳಗೋ, ದೋಣಿಯೊಳಗೋ? ಅರ್ಧ ದಿನಕ್ಕೇ ಶಟರ್ ಎಳೆದು ಬಸ್ಸು ಹತ್ತುತ್ತಿದ್ದೆ.

ಆ ಗೂಡಿಗೆ ಗಾಳಿಕಿಂಡಿ ಇಡಿಸದೆ ನನಗೆ ನೆಮ್ಮದಿ ಇಲ್ಲ ಎಂದು ಒಂದು ಸಂಜೆ ಹೇಳಿಬಿಟ್ಟೆ. ಇವರು ಬಲೆಯಿಂದ ತಲೆ ಎತ್ತಿದರು.

"ದೋಣಿಗೆ ನಾವೇ ತೂತು ಹಾಕುವುದಾ? ನಿನಗೆ ಎಂತ ಮರುಳಾ?"

"ನೀರಿಗೆ ತಾಗದ ಹಾಗೆ ಮೇಲೆ ಇಡುವುದು."

"ಕಡಲಿಗೆ ಮೇಲೆ ಕೆಳಗೆ ಉಂಟಾ?" ಎಂದವರು ಮತ್ತೆ ಬಲೆಗೆ ತಲೆ ಬಗ್ಗಿಸಿದರು.

ನಾನು ಉಡುಪಿಯಲ್ಲಿ ಅಂಗಡಿ ಅಂಗಡಿ ಅಲೆದೆ. ಹಾರ್ಡ್‌ವೇರ್ ಅಂಗಡಿಯವರು "ಅಡುಗೆ ಮನೆಗಾ, ಬಚ್ಚಲಿಗಾ?" ಎಂದು ಕೇಳುತ್ತಿದ್ದರು. ದೋಣಿಗೆ ಎಂದರೆ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಕೊನೆಗೆ ದೋಣಿ ಸಾಮಾನಿನ ಒಂದು ಅಂಗಡಿಯಲ್ಲಿ ಬೇಕಾದದ್ದು ಸಿಕ್ಕಿತು. ಮರುವಾಯಿ ಕಪ್ಪೆಚಿಪ್ಪನ್ನು ಕವುಚಿಟ್ಟ ಹಾಗಿರುವ ಸ್ಟೀಲಿನ ಮುಚ್ಚಳ, ಒಂದೇ ಪಕ್ಕಕ್ಕೆ ಬಾಯಿ. ಒಂದನ್ನು ಗಾಳಿಗೆ ಎದುರು, ಇನ್ನೊಂದನ್ನು ಹಿಮ್ಮುಖವಾಗಿ ಕೂರಿಸಬೇಕು, ಒಂದರಲ್ಲಿ ಹೊಕ್ಕ ಗಾಳಿ ಇನ್ನೊಂದರಲ್ಲಿ ಹೊರಡುತ್ತದೆ ಎಂದು ಅಂಗಡಿಯವರು ವಿವರಿಸಿದರು. ಪೆಟ್ರೋಲಿನ ಆವಿ ಕೆಳಗೇ ಕೂರುವುದರಿಂದ ಹೊರಡುವ ಕಿಂಡಿಗೆ ತಳದವರೆಗೆ ಒಂದು ಪೈಪು ಇಳಿಬಿಡಬೇಕಂತೆ. ಜೋಡಿಯನ್ನೂ ಪೈಪನ್ನೂ ಕೊಂಡು ತಂದೆ.

ಕಾರ್ಕಳದಲ್ಲಿ ನನ್ನ ತಮ್ಮ ಇದ್ದಾನೆ. ಬಸ್ಸುಗಳ ಒಡೆದ ಫೈಬರ್ ಬಂಪರು, ಮುಂಭಾಗ ಎಲ್ಲ ರಿಪೇರಿ ಮಾಡುವುದು ಅವನ ಕೆಲಸ. ಭಾನುವಾರ ಡ್ರಿಲ್ಲು ಹಿಡಿದುಕೊಂಡು ಬಂದ. ಅವನನ್ನು ನೋಡಿದ್ದೇ ಇವರು ಅಂಗಿ ಹಾಕಿಕೊಂಡು, "ನೀವು ಅಕ್ಕ ತಮ್ಮ ಎಂತ ಬೇಕಾದರೂ ಮಾಡಿ, ನನಗೆ ನೋಡಲಿಕ್ಕಾಗುವುದಿಲ್ಲ" ಎಂದು ಕಡಲಿನ ಕಡೆ ಹೊರಟುಹೋದರು.

ನಾನು ಕಾಗದದಲ್ಲಿ ಕಿಂಡಿಯ ಅಳತೆ ಕತ್ತರಿಸಿ, ಮೂತಿಯ ಬಲಪಕ್ಕದಲ್ಲಿ ಇಟ್ಟು, ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ಸುತ್ತ ಗೆರೆ ಎಳೆದೆ. ಬಣ್ಣದ ಪದರ ಸಿಡಿಯಬಾರದೆಂದು ತಮ್ಮ ಅದರ ಮೇಲೆ ಟೇಪು ಅಂಟಿಸಿದ. ಡ್ರಿಲ್ಲಿಗೆ ದುಂಡಗಿನ ಗರಗಸ ಸಿಕ್ಕಿಸಿ ಒತ್ತಿದ. ಆ ಕರಕರ ಸದ್ದಿಗೆ ನನ್ನ ಹಲ್ಲು ಜುಮ್ಮೆಂದಿತು. ಮೂಗು ಬಾಯಿಗೆ ಬಟ್ಟೆ ಕಟ್ಟಿದ್ದರೂ ಬಿಳಿ ಪುಡಿ ಕುತ್ತಿಗೆಗೆ ಇಳಿದು ತುರಿಸತೊಡಗಿತು. ಬಿಡಾ, ಸಾಕು ನಿಲ್ಲಿಸು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ದುಂಡಗಿನ ತುಂಡು ಕಳಚಿ ಗೂಡಿನೊಳಗೆ ಬಿತ್ತು. ಒಳಗಿನ ಅಂಚು ಹೇಗೆ ಬಂದಿದೆ ನೋಡುತ್ತೇನೆ ಎಂದು ತಮ್ಮ ಸಣ್ಣ ಬಾಗಿಲಿನಿಂದ ತೂರಿದ. ನಾನು ಮೈ ಕೊಡವಿಕೊಳ್ಳಲು ಬಾವಿಕಟ್ಟೆಗೆ ಹೋದೆ.

ಇವರು ವಾಪಸು ಬಂದದ್ದು ಆಗ. ಅವರಿಗೆ ಕಂಡದ್ದು ಗೂಡಿನಿಂದ ಹೊರಗೆ ಚಾಚಿದ ಎರಡು ಪಾದ.

ಅವರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಓಡಿ ಬಂದಾಗ ತಮ್ಮನ ಕಾಲು ಹಿಡಿದು ಎಳೆಯುತ್ತಿದ್ದರು. ಅವನ ಮೊಣಕೈ ತರಚಿ, ಅಂಗಿ ಎದೆಯವರೆಗೆ ಮೇಲೇರಿತ್ತು.

"ಭಾವ! ಎಂತ ಆಯಿತು? ಬಿಡಿ ಮಾರಾಯ್ರೆ!"

ಅವನ ಸ್ವರ ಕೇಳಿದ ಮೇಲೂ ಇವರು ಕಾಲು ಬಿಡಲಿಲ್ಲ. ಪೂರ್ತಿ ಹೊರಗೆ ಎಳೆದ ಮೇಲೆಯೇ ದೋಣಿಯ ಅಂಚಿನಲ್ಲಿ ಕುಸಿದು ಕೂತರು. ತಮ್ಮ ಏನೋ ತಮಾಷೆ ಮಾಡಲು ಹೊರಟವನು ಅವರ ಮುಖ ನೋಡಿ ಅಂಗಿ ಕೆಳಗೆ ಎಳೆದುಕೊಂಡ.

ನಾನು ನೀರು ಕೊಟ್ಟೆ. ಕುಡಿದು ನನ್ನನ್ನು ನೋಡದೆ ಹೇಳಿದರು: "ಅವತ್ತು ನೀನು ಕರೆದದ್ದು ನನಗೆ ಕೇಳಿತ್ತು. ಚಹಾ ಆರುತ್ತದೆ ಅಂದೆಯಲ್ಲ, ಅದೂ ಕೇಳಿತ್ತು. ಬಂದೆ ಅನ್ನಬೇಕು ಅಂತ ಉಂಟು, ಬಾಯಿ ಏಳುವುದಿಲ್ಲ. ಇವಳು ಈಗ ಸಿಟ್ಟು ಮಾಡಿಕೊಂಡು ವಾಪಸು ಹೋಗುತ್ತಾಳೆ ಅಂತ ಅನ್ನಿಸಿತು."

ಆಸ್ಪತ್ರೆಯಲ್ಲಿ ನಕ್ಕವರು ಇವರೇ. ನಾನು ಲೋಟ ತೊಳೆಯಲು ಹೋದೆ. ಲೋಟ ತೊಳೆದದ್ದೇ ತೊಳೆದದ್ದು.

ತಿರುಗಿ ಬರುವಾಗ ಇವರು ತೂತಿನ ಮುಂದೆ ನಿಂತಿದ್ದರು. "ಇಲ್ಲಿ ಯಾರಾದರೂ ಹಾಕುತ್ತಾರಾ ಮಾರಾಯ? ತೆರೆ ಬಂದು ಹೊಡೆಯುವುದೇ ಇಲ್ಲಿಗೆ."

"ಅಕ್ಕ ಗೆರೆ ಎಳೆದದ್ದು" ಎಂದ ತಮ್ಮ.

"ಅವಳಿಗೆ ಕೋಟಿನ ಕಿಸೆ ಗೊತ್ತು, ಕಡಲು ಗೊತ್ತುಂಟಾ? ನನ್ನನ್ನು ಕೇಳಬೇಕಿತ್ತು."

"ಕೇಳಲಿಕ್ಕೆ ನೀವು ಇದ್ದಿರಾ?" ಎಂದೆ. ಅವರು ನಾನು ಗೆರೆ ಎಳೆದ ಚಾಕ್‌ಪೀಸು ಎತ್ತಿಕೊಂಡರು. ಗೂಡಿನ ಮಾಡಿನ ಮೇಲೆ, ನೀರಿನ ಎರಚಲು ಕಡಿಮೆ ತಾಗುವಲ್ಲಿ ಒಂದು ಗುರುತು, ಸಣ್ಣ ಬಾಗಿಲಿನ ಮೇಲ್ಭಾಗದಲ್ಲಿ ಇನ್ನೊಂದು. ಡ್ರಿಲ್ಲನ್ನೂ ಅವರೇ ಹಿಡಿದರು. ತಮ್ಮ ಕತ್ತರಿಸಿದ ಅಂಚಿಗೆಲ್ಲ ರೆಸಿನ್ ಹಚ್ಚಿದ, ಅದು ಗಟ್ಟಿಯಾದ ಮೇಲೆ ಸುತ್ತ ನೀರು ಸೋರದ ಹಾಗೆ ಸೀಲೆಂಟು ಬಳಿದು ಚಿಪ್ಪುಗಳನ್ನು ಕೂರಿಸಿ, ಒಂದಕ್ಕೆ ತಳದವರೆಗೆ ಪೈಪು ಇಳಿಬಿಟ್ಟು ನಟ್ಟು ಬಿಗಿದ. ನಾನು ಹಾಕಿಸಿದ ತಪ್ಪು ತೂತಿಗೆ ಬಸ್ಸಿನ ಬಂಪರಿಗೆ ಹಾಕುವ ಹಾಗೆ ಒಳಗೂ ಹೊರಗೂ ತೇಪೆ ಹಾಕಿದ.

ಮಳೆ ಇಳಿದು ದೋಣಿ ಮತ್ತೆ ಕಡಲಿಗೆ ಹೋದ ದಿನ ನಾನು ಅಂಗಡಿ ತೆರೆದರೂ ಒಂದು ಗುಂಡಿಯನ್ನೂ ಹೊಲಿಯಲಿಲ್ಲ. ಕಿಂಡಿಯಿಂದ ನೀರು ನುಗ್ಗಿದರೆ? ತೇಪೆ ಬಿಟ್ಟುಕೊಂಡರೆ? ಇಡಿಸಿದವಳು ನಾನೇ ಅಲ್ವಾ? ಮಧ್ಯಾಹ್ನ ಫೋನು ಬಂತು. "ಬಂಗುಡೆ ಸ್ವಲ್ಪ ಸಿಕ್ಕಿದೆ" ಎಂದರು.

"ಗೂಡು?"

"ಒಣಗಿದೆ. ಒಂದೆರಡು ಹನಿ ಬಿದ್ದಿರಬಹುದು. ಪೆಟ್ರೋಲಿನ ವಾಸನೆ ಇಲ್ಲ."

ಸಂಜೆ ದಡಕ್ಕೆ ಹೋಗಿ ನಾನೇ ಬಾಗಿಲು ತೆರೆದು ಕೈ ಹಾಕಿ ತಡವಿ ನೋಡಿದೆ. ಹಗ್ಗ ಒಣಗಿತ್ತು. ಇವರು ಮೀನಿನ ಬುಟ್ಟಿ ಇಳಿಸುತ್ತಾ, "ಸಮಾಧಾನ ಆಯಿತಾ?" ಎಂದು ಕೇಳಿದರು.

"ನಾಳೆಯೂ ನೋಡುತ್ತೇನೆ" ಎಂದೆ.