ಕಂಡಷ್ಟು ಹೇಳುವ ಪೇಜು

ನಮ್ಮ ಆಫೀಸಿನ ಸಾರ್ ಅವರ ಬಲಗೈ ತೋರುಬೆರಳು ಮಡಚುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಮುರಿದು, ಕೂಡಿಕೊಳ್ಳುವಾಗ ನೆಟ್ಟಗೆ ನಿಂತುಬಿಟ್ಟಿತ್ತಂತೆ. ಟೈಪ್ ಮಾಡುವಾಗ ಅದೊಂದು ಮೇಲೆದ್ದು ಯಾರನ್ನೋ ತೋರಿಸುತ್ತಿರುವಂತೆ ಕಾಣುತ್ತಿತ್ತು. ಮೊದಲ ದಿನ ನನ್ನನ್ನೇ ತೋರಿಸುತ್ತಿದೆಯೆಂದು ಹೆದರಿದ್ದೆ. ಯಾರ ತಪ್ಪನ್ನೂ ಬೊಟ್ಟು ಮಾಡಿ ತೋರಿಸದ ಮನುಷ್ಯನಿಗೆ ಇಂಥ ಬೆರಳು ಕೊಟ್ಟ ದೇವರ ತಮಾಷೆ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಕೋಲಾರದಲ್ಲಿ ಒಂದು ಮೆಡಿಕಲ್ ಸ್ಟೋರಿನ ಮಹಡಿಯ ಮೇಲೆ ನಮ್ಮ ಆಫೀಸು. ನರಸಾಪುರದ ಕಾರ್ಖಾನೆಗಳಿಗೆ ಹೋಗುವವರು ಕಂಪನಿ ಬಸ್ಸಿನಲ್ಲಿ ಸೀಟು ಕಾದಿರಿಸುವ ವೆಬ್‌ಸೈಟು ನಮ್ಮದು. ಅದನ್ನು ಕಟ್ಟುವವರು ಬೆಂಗಳೂರಿನಲ್ಲಿದ್ದರು. ಬ್ರೌಸರ್ ತಾನೇ ತೆರೆದು, ತಾನೇ ಬಟನ್ ಒತ್ತಿ ಪರೀಕ್ಷಿಸುವ ಕೋಡ್, ಅಂದರೆ ಟೆಸ್ಟುಗಳನ್ನು ಬರೆಯುವುದು ನಮ್ಮಿಬ್ಬರ ಕೆಲಸ. ಸಾರ್ ಸೀನಿಯರ್. ನಾನು ಶ್ರೀನಿವಾಸಪುರದ ಗಂಡನ ಮನೆ ಬಿಟ್ಟು, ಕ್ಯಾಲನೂರಿನ ತವರಿಗೆ ಬಂದು ಹೊಸದಾಗಿ ಸೇರಿಕೊಂಡವಳು. ಯಾರಾದರೂ ಊರು ಕೇಳಿದರೂ ಮೈ ಉರಿಯುತ್ತಿದ್ದ ಕಾಲ ಅದು.

ಭಾರಿ ಜಾಣೆ ಎಂದುಕೊಂಡಿದ್ದೆ. ಲಾಗಿನ್ ಬಟನ್ ಪರದೆಯಲ್ಲಿ ಎಲ್ಲಿದೆ ಎಂದು ಹೇಳುವ ಗುರುತನ್ನು ನಲವತ್ತು ಟೆಸ್ಟುಗಳಲ್ಲೂ ಕಾಪಿ ಮಾಡಿ ಅಂಟಿಸಿದ್ದೆ. ಒಂದು ಬೆಳಿಗ್ಗೆ ಬೆಂಗಳೂರಿನವರು ಆ ಬಟನ್ ಬದಲಿಸಿದರು; ನಲವತ್ತೂ ಫೇಲಾಗಿ ಕೆಂಪಾದವು. ಸಾರ್ ಬೈಯಲಿಲ್ಲ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು, ನಲವತ್ತನ್ನೂ ನನ್ನ ಕೈಯಲ್ಲೇ ಒಂದೊಂದಾಗಿ ತಿದ್ದಿಸಿದರು. ಸಂಜೆ ಹೇಳಿದರು: "ಸಾಕಾಯ್ತಾ? ನಾಳೆಯಿಂದ ಒಂದೊಂದು ಪರದೆಗೆ ಒಂದೊಂದು ಬೇರೆ ಫೈಲು, ಪೇಜ್ ಆಬ್ಜೆಕ್ಟ್ ಅಂತಾರೆ. ಬಟನ್ ಎಲ್ಲಿದೆ ಅನ್ನೋದು ಅದಕ್ಕೊಂದಕ್ಕೇ ಗೊತ್ತಿರ್ಲಿ. ಟೆಸ್ಟುಗಳು ಅದರ ಕೈಲಿ ಕೆಲಸ ಮಾಡಿಸ್ಕೊಳ್ಲಿ." ಲಾಗಿನ್ ಪರದೆಯ ಪೇಜನ್ನು ಮಾದರಿಗೆಂದು ತಾವೇ ಬರೆದುಕೊಟ್ಟರು.

ಕಲಿತೆ, ಅತಿಯಾಗಿಯೇ ಕಲಿತೆ. ನಾನು ಬರೆದ ಪೇಜುಗಳೊಳಗೆ ಸರಿ-ತಪ್ಪು ನಿರ್ಧರಿಸುವ ಸಾಲುಗಳನ್ನೂ ತುರುಕಿದೆ. ಅವರು ಅವನ್ನೆಲ್ಲ ಅಳಿಸಿದರು.

"ಪೇಜು ತೀರ್ಪು ಕೊಡಬಾರ್ದು ಕಣಮ್ಮ. ಕಂಡಿದ್ದನ್ನ ಕಂಡಂಗೆ ಹೇಳ್ಬೇಕು, ಅಷ್ಟೆ. ಸರೀನಾ ತಪ್ಪಾ, ಅದು ಟೆಸ್ಟಿಗೆ ಬಿಟ್ಟಿದ್ದು."

ಅದೇ ವಾರ ಮೆಟ್ಟಿಲು ಹತ್ತುವಾಗ ಒಳಗಿನ ಮಾತು ಕಿವಿಗೆ ಬಿತ್ತು. ನಮ್ಮ ಮಾಲೀಕರು ಸಾರ್ ಹತ್ತಿರ ನನ್ನ ವಿಷಯ ಕೆದಕುತ್ತಿದ್ದರು: ಗಂಡನನ್ನು ಬಿಟ್ಟು ಬಂದವಳಂತೆ, ಎಂಥವಳು ಅಂತ. ಸಾರ್ ಹೇಳಿದರು: "ಒಂಬತ್ತಕ್ಕೆ ಬರ್ತಾಳೆ. ಕೆಲಸ ಮುಗಿಸ್ಕೊಂಡು ಹೋಗ್ತಾಳೆ. ನನಗೆ ಕಂಡಿದ್ದು ಅಷ್ಟೆ." ನಾನು ಕೆಳಗಿಳಿದು, ಮೆಡಿಕಲ್ ಸ್ಟೋರಿನ ಪಕ್ಕ ನಿಂತು ಕಣ್ಣೊರೆಸಿಕೊಂಡು ಮತ್ತೆ ಹತ್ತಿದೆ.

ಆಮೇಲೆ ಮೂರು ವರ್ಷ ಎದುರುಬದುರು ಕೂತೆವು. ಅವರು ನನ್ನನ್ನು ಏನೂ ಕೇಳಲಿಲ್ಲ. ಆ ಋಣಕ್ಕೆ ನಾನೂ ಅವರನ್ನು ಏನೂ ಕೇಳಲಿಲ್ಲ. ಮುಳಬಾಗಿಲಿನ ಬಸ್ಸಿಳಿದು ಬರುತ್ತಿದ್ದರು. ಕಿಟಕಿಯ ಕಡೆ ಮುಖ ಮಾಡಿ ಒಬ್ಬರೇ ಉಣ್ಣುತ್ತಿದ್ದರು. ಅಪರೂಪಕ್ಕೆ ಫೋನ್ ಬಂದರೆ ತೆಲುಗಿನಲ್ಲಿ "ಬಾಗುನ್ನಾ, ಬಾಗುನ್ನಾ", ಚೆನ್ನಾಗಿದ್ದೀನಿ ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದರು. ಕೊನೆಯ ವರ್ಷ ಅಂಗಿಯ ಕಾಲರು ಕತ್ತಿಗೆ ದೊಡ್ಡದಾಯಿತು, ಊಟದ ಡಬ್ಬಿ ಅರ್ಧಕ್ಕೇ ಮುಚ್ಚತೊಡಗಿದರು. ಎಲ್ಲವೂ ಕಂಡಿತ್ತು. ಕೇಳುವುದು ಮರ್ಯಾದೆಯಲ್ಲ ಎಂದುಕೊಂಡು ಸುಮ್ಮನಿದ್ದೆ.

ಒಂದು ಸೋಮವಾರ ಅವರು ಬರಲಿಲ್ಲ. ಮಧ್ಯಾಹ್ನ ಅವರ ಅಣ್ಣನ ಮಗ ಫೋನ್ ಮಾಡಿ, ಹಿಂದಿನ ದಿನವೇ ಹೋಗಿಬಿಟ್ಟರು ಅಂದ. ತಾಯಲೂರಿನ ಹತ್ತಿರದ ಅವರ ಹುಟ್ಟೂರು ನಾನು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಆ ಹುಡುಗ ಕೇಳಿದ: "ಮುಳಬಾಗಿಲಲ್ಲಿ ಒಬ್ರೇ ಇದ್ರು, ನಮಗೇನೂ ಹೇಳ್ತಿರ್ಲಿಲ್ಲ. ದಿನಾ ಎದುರಿಗೇ ಕೂತಿರ್ತಿದ್ರಿ, ನಿಮಗೇನಾದ್ರೂ ಕಾಣಿಸ್ತಾ ಮೇಡಂ?"

ಸಾರ್ ತೀರ್ಪು ಕೊಡಬಾರದು ಎಂದಿದ್ದರು. ಕಂಡದ್ದನ್ನು ಹೇಳಬೇಡ ಎಂದಿರಲಿಲ್ಲ. "ಸೊರಗಿದ್ದೀರಿ ಸಾರ್" ಎಂಬ ಒಂದು ಮಾತು ನನ್ನಿಂದಾಗಲಿಲ್ಲ. ಅದಕ್ಕೆ ನನಗೆ ಕ್ಷಮೆಯಿಲ್ಲ.

ಈಗ ಎದುರಿನ ಮೇಜು ಖಾಲಿ. ಕಳೆದ ವಾರ ಲಾಗಿನ್ ಬಟನ್ ಮತ್ತೆ ಬದಲಾಯಿತು. ಟೆಸ್ಟುಗಳನ್ನು ಮುಟ್ಟಬೇಕಾಗಲಿಲ್ಲ, ಅವರು ಬರೆದ ಪೇಜಿನಲ್ಲಿ ಒಂದೇ ಒಂದು ಸಾಲು ಬದಲಿಸಿದೆ. ಯಾವ ಸಾಲು ಯಾರದ್ದೆಂದು ಕಂಪ್ಯೂಟರು ಪಕ್ಕದಲ್ಲೇ ಹೆಸರು ತೋರಿಸುತ್ತದೆ. ಆ ಸಾಲಿನ ಪಕ್ಕ ನನ್ನ ಹೆಸರು ಬಂತು. ಮೇಲೆಲ್ಲ ಅವರದೇ, ಕೆಳಗೆಲ್ಲ ಅವರದೇ. ಟೆಸ್ಟು ಓಡಿಸಿದೆ. ನಲವತ್ತೂ ಹಸಿರಾದವು. ಕಂಡದ್ದನ್ನು ಸಾರ್‌ಗೆ ಹೇಳಲೆಂದು ಎದುರಿನ ಮೇಜಿನತ್ತ ತಲೆಯೆತ್ತಿದೆ.